ವಿಮಾನ ಚಾಲಕನಿಗೂ ನಿರುದ್ಯೋಗ ಭತ್ಯೆಯೇ?

ಯುಗಾದಿ ಊಟ ಮುಗಿದು ಎಲೆ ಎತ್ತಿದ ಮೇಲೆ (ಎಲೆ ಎನ್ನುವುದು ಅಭ್ಯಾಸಬಲದ ಮಾತು, ಪೇಪರ್ ತಟ್ಟೆಗಳನ್ನು ಕಸದ ಚೀಲಕ್ಕೆ ತುಂಬಿದ ಮೇಲೆ) ಶಾಲೆಯ ಕೆಫೆಟೇರಿಯಾದಲ್ಲಿ ಮೇಜು ಮಡಿಸುತ್ತಿದ್ದಾಗ ನಡೆದ ಒಂದು ಚರ್ಚೆ ಮನೆಗೆ ಬಂದ ಮೇಲೂ ನಮ್ಮಿಬ್ಬರನ್ನು ಬಿಡಲಿಲ್ಲ. ಮಾತು ಹೊರಟದ್ದು ನಮ್ಮ ಕೂಟದ ನೆರವು ನಿಧಿಯಿಂದ. ಕೆಲಸ ಹೋದ ಸದಸ್ಯ ಕುಟುಂಬಕ್ಕೆ ಒಂದಿಷ್ಟು ಹಣವನ್ನು ಬಡ್ಡಿಯಿಲ್ಲದೆ ಕೊಡಬಹುದೇ, ಕೊಡುವುದಾದರೆ ಅರ್ಜಿಯಲ್ಲಿ ಏನೇನು ಕೇಳಬೇಕು ಎಂದು ಕಾರ್ಯಕಾರಿ ಸಮಿತಿ ಯೋಚಿಸುತ್ತಿರುವುದು ತಮಗೆಲ್ಲ ತಿಳಿದದ್ದೇ. ಕರಡು ಅರ್ಜಿಯಲ್ಲಿ "ಕೆಲಸ ಹೋಗುವ ಮುನ್ನ ಇದ್ದ ವಾರ್ಷಿಕ ಆದಾಯ" ಎಂಬ ಒಂದು ಸಾಲಿದೆ. ಇಂತಿಷ್ಟಕ್ಕಿಂತ ಹೆಚ್ಚು ಗಳಿಸುತ್ತಿದ್ದವರಿಗೆ ಕೊಡಬೇಕಿಲ್ಲ ಎಂಬುದು ಆ ಸಾಲಿನ ಉದ್ದೇಶ.

ಆಗ ನಾವು ನಮ್ಮ ಪಕ್ಕದ ಮನೆಯ ಪೈಲಟ್ ವಿಚಾರ ತೆಗೆದೆವು. 2020ರ ಅಕ್ಟೋಬರ್‌ನಲ್ಲಿ ಕೆಲಸ ಹೋದಾಗ ಅವರೂ ಸರ್ಕಾರದ ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿದ್ದರು. ಕೇಳಿದ ತಕ್ಷಣ ಹಿರಿಯ ಮಿತ್ರರೊಬ್ಬರು, "ಪೈಲಟ್‌ಗೂ ಭತ್ಯೆಯೇ? ಅಷ್ಟು ಸಂಬಳ ಎಣಿಸಿದವರು ಕಷ್ಟಕಾಲಕ್ಕೆಂದು ಕೂಡಿಟ್ಟುಕೊಳ್ಳಬೇಕಿತ್ತು" ಎಂದರು. ಇನ್ನೊಬ್ಬರು ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಿಸಿದರು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿನ ಅಳತೆಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದು ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳಿಸಿದಳು. "ಹಿರಿಯರು ನಮಗೆ ಹೇಳಿಕೊಟ್ಟದ್ದು ಇದು. ದುಡಿಯದೆ ಬಂದದ್ದು, ಬೇಕಾದದ್ದಕ್ಕಿಂತ ಹೆಚ್ಚು ಬಂದದ್ದು, ಎರಡೂ ನಮ್ಮದಲ್ಲ" ಎಂದರು ಆ ಮಿತ್ರರು. ಅಷ್ಟರಲ್ಲಿ ಕೆಫೆಟೇರಿಯಾ ಬಾಗಿಲು ಹಾಕುವ ಹೊತ್ತಾಯಿತು. ಅಂದು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ನೆರೆಮನೆಯವರ ಕಥೆ. ಹೆಸರು ಬೇಡ. ಅವರು ಕ್ಯಾಪ್ಟನ್ ಅಲ್ಲ, ಕಾಕ್‌ಪಿಟ್ಟಿನ ಬಲಗಡೆ ಕೂರುವ ಫಸ್ಟ್ ಆಫೀಸರ್. 2001ರಲ್ಲಿ ಒಂದು ಕಂಪನಿ ಅವರನ್ನು ಮನೆಗೆ ಕಳಿಸಿತ್ತು. ಕೆಲವು ವರ್ಷ ಸಿಕ್ಕಿದ ಕೆಲಸ ಮಾಡಿ, ಆಮೇಲೆ ಸಣ್ಣ ವಿಮಾನಗಳ ಕಂಪನಿಯೊಂದರಲ್ಲಿ ಕಡಿಮೆ ಸಂಬಳಕ್ಕೆ ದುಡಿದು, ನಲವತ್ತು ದಾಟಿದ ಮೇಲೆ ಮತ್ತೆ ಒಂದು ದೊಡ್ಡ ಕಂಪನಿ ಸೇರಿದರು. ಪೈಲಟ್‌ಗಳ ಲೋಕದಲ್ಲಿ ಎಲ್ಲವೂ ಸೀನಿಯಾರಿಟಿ ನಂಬರಿನ ಮೇಲೆ ನಡೆಯುತ್ತದೆ. ಯಾವ ವಿಮಾನ, ಯಾವ ಮಾರ್ಗ, ಎಂದು ಕ್ಯಾಪ್ಟನ್ ಆಗುವುದು, ಕ್ರಿಸ್‌ಮಸ್ ದಿನ ಮನೆಯಲ್ಲಿರಬಹುದೇ ಇಲ್ಲವೇ, ಎಲ್ಲಕ್ಕೂ ಅದೇ ನಂಬರು. ಆ ನಂಬರು ಕಂಪನಿಯಿಂದ ಕಂಪನಿಗೆ ಬರುವುದಿಲ್ಲ. ಇಪ್ಪತ್ತು ವರ್ಷ ಹಾರಿಸಿದವರೂ ಹೊಸ ಕಡೆ ಹೋದರೆ ಪಟ್ಟಿಯ ಬುಡದಲ್ಲಿ ನಿಲ್ಲಬೇಕು. ನಮ್ಮ ಸಾಫ್ಟ್‌ವೇರ್ ಮಂದಿ ಕಂಪನಿ ಬದಲಿಸಿ ಸಂಬಳ ಏರಿಸಿಕೊಳ್ಳುವ ಉಪಾಯ ಅಲ್ಲಿ ನಡೆಯದು. ಕಡಿತ ಬಂದಾಗ ಕತ್ತರಿ ಬೀಳುವುದೂ ಬುಡದಿಂದಲೇ. ಹೀಗಾಗಿ ಐವತ್ತರ ಅಂಚಿನಲ್ಲಿ ಅವರು ಎರಡನೆಯ ಸಲ ಮನೆಯಲ್ಲಿ ಕೂತರು.

ಅರ್ಜಿ ಹಾಕಲು ಅವರು ಮೂರು ವಾರ ತಡ ಮಾಡಿದರಂತೆ. ನಾಚಿಕೆ. ಕೊನೆಗೆ ಅವರ ಹೆಂಡತಿ ಕೂತು ಅರ್ಜಿ ತುಂಬಿಸಿದರು. "ಉದ್ಯೋಗಂ ಪುರುಷ ಲಕ್ಷಣಂ" ಎಂಬುದು ನಮ್ಮಲ್ಲಿ ಮಾತ್ರ ಇರುವ ಗಾದೆ ಎಂದುಕೊಂಡಿದ್ದೆವು. ಈ ದೇಶದಲ್ಲಿ ಆ ಗಾದೆ ಇಲ್ಲ, ಆದರೆ ಅದರ ಭಾರ ಇದೆ.

ಸರಿ, ಈ ಭತ್ಯೆ ಎಂಬುದು ಏನು? ದಾನವೇ, ವಿಮೆಯೇ, ಹಕ್ಕೇ? 1932ರಲ್ಲಿ ವಿಸ್ಕಾನ್ಸಿನ್ ರಾಜ್ಯ ಮೊದಲು ಈ ಕಾನೂನು ಮಾಡಿತು. 1935ರ ಸೋಷಿಯಲ್ ಸೆಕ್ಯೂರಿಟಿ ಕಾಯಿದೆಯಿಂದ ಅದು ದೇಶಕ್ಕೆಲ್ಲ ಬಂತು. ಬಹುತೇಕ ರಾಜ್ಯಗಳಲ್ಲಿ ಕೆಲಸಗಾರ ಇದಕ್ಕೆ ತನ್ನ ಸಂಬಳದಿಂದ ಏನೂ ಕಟ್ಟುವುದಿಲ್ಲ, ಕಂಪನಿ ಕಟ್ಟುತ್ತದೆ. ಹೆಚ್ಚು ಜನರನ್ನು ತೆಗೆಯುವ ಕಂಪನಿಗೆ ತೆರಿಗೆಯ ದರವೂ ಏರುತ್ತದೆ. ಬೆಂಕಿ ವಿಮೆಯ ಹಾಗೆ ಎನ್ನೋಣ. ಮನೆ ಸುಟ್ಟವನು ಶ್ರೀಮಂತನೇ ಬಡವನೇ ಎಂದು ವಿಮಾ ಕಂಪನಿ ಕೇಳುವುದಿಲ್ಲ.

ಆದರೆ ಇಲ್ಲಿ ನಮ್ಮಲ್ಲೊಬ್ಬರು (ಮನೆಯ ಲೆಕ್ಕಪತ್ರ ನೋಡುವವರು) ಒಂದು ಆಕ್ಷೇಪ ಎತ್ತಿದರು, ಅದನ್ನು ಮುಚ್ಚಿಡುವುದು ಸರಿಯಲ್ಲ. ಹೆಚ್ಚು ಸಂಬಳದವನ ಹೆಸರಿನಲ್ಲಿ ಹೆಚ್ಚು ಕಟ್ಟಿರುತ್ತಾರೆ, ಆದ್ದರಿಂದ ಅವನಿಗೆ ಹಕ್ಕಿದೆ ಎಂಬ ವಾದ ನಿಲ್ಲುವುದಿಲ್ಲ. ಕೇಂದ್ರದ ತೆರಿಗೆ ಲೆಕ್ಕಕ್ಕೆ ಬರುವುದು ವರ್ಷದ ಸಂಬಳದಲ್ಲಿ ಮೊದಲ 7,000 ಡಾಲರ್ ಮಾತ್ರ, 1983ರಿಂದ ಆ ಅಂಕಿ ಅಲ್ಲಾಡಿಲ್ಲ. ಫ್ಲಾರಿಡಾದಂಥ ರಾಜ್ಯಗಳಲ್ಲಿ ರಾಜ್ಯದ ತೆರಿಗೆಗೂ ಅಷ್ಟೇ ಮಿತಿ. ಅಂದರೆ ಅಲ್ಲಿ ಪೈಲಟ್‌ಗಾಗಿ ಕಂಪನಿ ಕಟ್ಟುವುದೂ, ಅದೇ ವಿಮಾನಕ್ಕೆ ಪೆಟ್ಟಿಗೆ ಏರಿಸುವವನಿಗಾಗಿ ಕಟ್ಟುವುದೂ ಹೆಚ್ಚುಕಡಿಮೆ ಒಂದೇ. ಪಡೆಯುವಾಗಲೂ ಹಾಗೆಯೇ. ಫ್ಲಾರಿಡಾದಲ್ಲಿ ವಾರಕ್ಕೆ ಗರಿಷ್ಠ 275 ಡಾಲರ್, ಕ್ಯಾಲಿಫೋರ್ನಿಯಾದಲ್ಲಿ 450. ಆ ಮೊತ್ತದ ಮೇಲೆ ಕೇಂದ್ರದ ಆದಾಯ ತೆರಿಗೆ ಬೇರೆ. ಹೀಗಿರುವಾಗ "ಪೈಲಟ್ ಸರ್ಕಾರದ ಹಣದಲ್ಲಿ ಮಜಾ ಮಾಡುತ್ತಾನೆ" ಎಂಬ ಮಾತೂ ಸುಳ್ಳು, "ತಾನು ಕಟ್ಟಿದ್ದನ್ನೇ ಪಡೆಯುತ್ತಾನೆ" ಎಂಬ ಮಾತೂ ಪೂರಾ ನಿಜವಲ್ಲ. ವಿಮೆ ಎಂಬ ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ.

ಉಳಿದರ್ಧ ದಾರಿಗೆ 1978ಕ್ಕೆ ಹೋಗಬೇಕು.

ಅದಕ್ಕೆ ಮುಂಚೆ ನಲವತ್ತು ವರ್ಷ ಈ ದೇಶದ ವಿಮಾನಗಳ ಟಿಕೆಟ್ ದರವನ್ನೂ ಮಾರ್ಗಗಳನ್ನೂ ಸರ್ಕಾರದ ಒಂದು ಮಂಡಳಿಯೇ ನಿರ್ಧರಿಸುತ್ತಿತ್ತು. 1978ರ ಅಕ್ಟೋಬರ್ 24ರಂದು ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನು ಆ ಹಿಡಿತವನ್ನು ತೆಗೆದುಹಾಕಿತು. ಪೈಪೋಟಿ ಬಂತು, ಹಣದುಬ್ಬರ ಕಳೆದು ನೋಡಿದರೆ ಟಿಕೆಟ್ ಅಗ್ಗವಾಯಿತು. ಅಗ್ಗವಾದದ್ದು ಯಾರಿಗೆ? ನಮಗೆ, ನಿಮಗೆ. ಮಗಳ ಗ್ರಾಜುಯೇಷನ್‌ಗೆ, ಬೇರೆ ಊರಿನ ಕನ್ನಡ ಸಮ್ಮೇಳನಕ್ಕೆ, ಭಾವನ ಮನೆಯ ಗೃಹಪ್ರವೇಶಕ್ಕೆ ನಾವು ಹಾರಿ ಹೋಗಿ ಬಂದದ್ದು ಆ ಅಗ್ಗದ ಟಿಕೆಟ್ಟಿನಲ್ಲಿ.

ಆ ಕಾನೂನು ಮಾಡಿದವರಿಗೆ ಒಂದು ವಿಷಯ ಗೊತ್ತಿತ್ತು: ಲಾಭ ಕೋಟಿ ಜನರಿಗೆ ಚೂರುಚೂರಾಗಿ ಹಂಚಿಹೋಗುತ್ತದೆ, ನಷ್ಟ ಮಾತ್ರ ಕೆಲವು ಸಾವಿರ ಮನೆಗಳ ಮೇಲೆ ಇಡಿಯಾಗಿ ಬೀಳುತ್ತದೆ. ಆದ್ದರಿಂದ ಅದೇ ಕಾನೂನಿನಲ್ಲಿ 43ನೆಯ ಕಲಮಿನಲ್ಲಿ ಒಂದು ಮಾತು ಕೊಟ್ಟರು. ನಾಲ್ಕು ವರ್ಷಕ್ಕೆ ಕಡಿಮೆಯಿಲ್ಲದಂತೆ ಸೇವೆ ಸಲ್ಲಿಸಿದ್ದವರು ಈ ಬದಲಾವಣೆಯ ಕಾರಣದಿಂದ ಕೆಲಸ ಕಳೆದುಕೊಂಡರೆ ಅವರಿಗೆ ಆರು ವರ್ಷಗಳವರೆಗೂ ತಿಂಗಳ ಸಹಾಯಧನ. ಬೇರೆ ವಿಮಾನ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳುವಾಗ ಇವರಿಗೆ ಮೊದಲ ಅವಕಾಶ. ಗಮನಿಸಬೇಕು, ಇದರಲ್ಲಿ "ಬಡವರಾದರೆ" ಎಂಬ ಷರತ್ತು ಇರಲಿಲ್ಲ. ನಮ್ಮೆಲ್ಲರ ಅನುಕೂಲಕ್ಕಾಗಿ ನಿಮ್ಮ ನೆಲ ಅಗೆಯುತ್ತಿದ್ದೇವೆ, ಅದಕ್ಕೆ ಪರಿಹಾರ ಕೊಡುತ್ತೇವೆ ಎಂಬ ಮಾತು ಅದು. ಅಣೆಕಟ್ಟಿಗೆ ಊರು ಬಿಟ್ಟುಕೊಟ್ಟವರ ಕಥೆ ನಮ್ಮ ಕಡೆಯವರಿಗೆ ಹೊಸದಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಜಮೀನು ಹೋದ ರೈತ ಹತ್ತು ಎಕರೆಯವನೇ ಎರಡು ಎಕರೆಯವನೇ ಎಂದು ಕೇಳಿ, ಹತ್ತು ಎಕರೆಯವನಿಗೆ ಪರಿಹಾರವೇ ಇಲ್ಲ ಎನ್ನುವುದನ್ನು ನಾವು ಯಾರೂ ಒಪ್ಪುವುದಿಲ್ಲವಷ್ಟೆ.

ಕೊಟ್ಟ ಮಾತು ಏನಾಯಿತು? ಸಹಾಯಧನಕ್ಕೆಂದು ಅಮೆರಿಕದ ಕಾಂಗ್ರೆಸ್ ಒಂದು ಕಾಸನ್ನೂ ಮಂಜೂರು ಮಾಡಲಿಲ್ಲ. ಮೊದಲ ಅವಕಾಶದ ನಿಯಮದ ವಿರುದ್ಧ ವಿಮಾನ ಕಂಪನಿಗಳು ಕೋರ್ಟಿಗೆ ಹೋದವು. ಸುಪ್ರೀಂ ಕೋರ್ಟ್ ಆ ಏರ್ಪಾಡನ್ನು ಎತ್ತಿಹಿಡಿಯುವ ಹೊತ್ತಿಗೆ 1987 ಬಂದಿತ್ತು. ಅಷ್ಟರಲ್ಲಿ 1982ರ ಮೇ 12ರಂದು ಬ್ರಾನಿಫ್ ನಿಂತುಹೋಗಿತ್ತು. 1983ರ ಸೆಪ್ಟೆಂಬರ್‌ನಲ್ಲಿ ಕಾಂಟಿನೆಂಟಲ್ ದಿವಾಳಿ ಅರ್ಜಿ ಹಾಕಿ ಮೂರನೆಯ ಎರಡು ಪಾಲು ನೌಕರರನ್ನು ಹೊರಗಿಟ್ಟಿತ್ತು. 1991ರ ಜನವರಿಯಲ್ಲಿ ಈಸ್ಟರ್ನ್ ಹೋಯಿತು. ಅದೇ ವರ್ಷ ಡಿಸೆಂಬರ್ 4ರಂದು ಪ್ಯಾನ್ ಆಮ್. ನಮ್ಮ ಕೂಟದ ಹಿರಿಯರಲ್ಲಿ ಕೆಲವರು ಮೊದಲ ಸಲ ಈ ದೇಶಕ್ಕೆ ಬಂದದ್ದು ಬೊಂಬಾಯಿಯಲ್ಲಿ ಪ್ಯಾನ್ ಆಮ್ ಹತ್ತಿ. ಆ ನೀಲಿ ಗೋಳದ ಗುರುತಿನ ಚೀಲ ಇನ್ನೂ ಒಂದಿಬ್ಬರ ಅಟ್ಟದಲ್ಲಿದೆ. ಈ ಕಂಪನಿಗಳು ಮುಳುಗಿದ್ದಕ್ಕೆ ಪೈಪೋಟಿ ಒಂದೇ ಕಾರಣವಲ್ಲ, ಎಣ್ಣೆಯ ಬೆಲೆ, ಸಾಲ, ಆಡಳಿತದ ತಪ್ಪುಗಳು, ಮುಷ್ಕರಗಳು ಎಲ್ಲವೂ ಇದ್ದವು. ಆದರೂ ಮಾತು ಮಾತೇ. 1998ರಲ್ಲಿ, ಕೆಲಸ ಕಳೆದುಕೊಂಡವರ ತರಬೇತಿಗೆಂದೇ ಮಾಡಿದ ಹೊಸ ಕಾನೂನಿನೊಳಗೆ, ಆ ಹಳೆಯ ಭರವಸೆಯನ್ನು ಸದ್ದಿಲ್ಲದೆ ರದ್ದು ಮಾಡಿದರು. ಇಪ್ಪತ್ತು ವರ್ಷ ಪುಸ್ತಕದಲ್ಲಿದ್ದು, ಒಂದು ದಿನವೂ ಕೈಗೆ ಹಣ ಬರದ ಸಾಲಪತ್ರ ಅದು.

2001ರ ಸೆಪ್ಟೆಂಬರ್ 11 ಆದ ಹನ್ನೊಂದೇ ದಿನಕ್ಕೆ ವಿಮಾನ ಕಂಪನಿಗಳಿಗೆ 5 ಬಿಲಿಯನ್ ಡಾಲರ್ ನೇರ ನೆರವು, 10 ಬಿಲಿಯನ್ ಸಾಲದ ಖಾತರಿ ಸಿಕ್ಕಿತು. ಮನೆಗೆ ಹೋದವರಿಗೆಂದು ಅದರಲ್ಲಿ ಏನೂ ಇರಲಿಲ್ಲ. ಅವರಿಗಾಗಿ ಸೆನೆಟ್‌ನಲ್ಲಿ ಬಂದ ಪ್ರಸ್ತಾಪ ಮುಂದಿನ ತಿಂಗಳೇ ಬಿದ್ದುಹೋಯಿತು. ಅವರಿಗೆಂದೇ ಹೆಚ್ಚುವರಿ ವಾರಗಳ ಭತ್ಯೆ ಬಂದದ್ದು 2003ರ ಏಪ್ರಿಲ್‌ನಲ್ಲಿ. 2020ರಲ್ಲಿ ಸ್ವಲ್ಪ ಬುದ್ಧಿ ಬಂದಿತ್ತು ಎನ್ನಬೇಕು: ಪ್ರಯಾಣಿಕ ವಿಮಾನ ಕಂಪನಿಗಳಿಗೆ 25 ಬಿಲಿಯನ್ ಕೊಟ್ಟರೂ ಅದನ್ನು ಸಂಬಳಕ್ಕೇ ಬಳಸಬೇಕು, ಸೆಪ್ಟೆಂಬರ್ 30ರವರೆಗೆ ಯಾರನ್ನೂ ತೆಗೆಯಬಾರದು ಎಂದು ಕಟ್ಟು ಹಾಕಿದರು. ಗಡುವು ಮುಗಿದ ಮಾರನೆಯ ದಿನವೇ ದೇಶದಲ್ಲಿ 30,000ಕ್ಕೂ ಮೇಲ್ಪಟ್ಟು ವಿಮಾನ ನೌಕರರು ಮನೆ ಸೇರಿದರು. ಎಲ್ಲ ನಿರುದ್ಯೋಗಿಗಳಿಗೂ ಸಿಗುತ್ತಿದ್ದ ವಾರಕ್ಕೆ 600 ಡಾಲರ್ ಹೆಚ್ಚುವರಿ ಜುಲೈ ಕೊನೆಗೇ ನಿಂತಿತ್ತು. ನಮ್ಮ ನೆರೆಯವರ ಕೈಗೆ ಬಂದದ್ದು ಬರಿಯ ರಾಜ್ಯದ ಭತ್ಯೆ.

ಇನ್ನು ಮರುತರಬೇತಿ. "ಬೇರೆ ಏನಾದರೂ ಕಲಿಯಲಿ" ಎನ್ನುವುದು ಸುಲಭ, ಮತ್ತು ಕೇಳಲು ನ್ಯಾಯವಾಗಿಯೂ ಇದೆ. ಸರ್ಕಾರದ ತರಬೇತಿ ಹಣಕ್ಕೆ 1982, 1998, 2014ರಲ್ಲಿ ಮೂರು ಕಾನೂನುಗಳು ಒಂದರ ಜಾಗದಲ್ಲಿ ಒಂದು ಬಂದವು. ಈಗಿನ ಪದ್ಧತಿಯಲ್ಲಿ ಒಪ್ಪಿಗೆ ಪಡೆದ ಶಾಲೆಗಳ ಪಟ್ಟಿಯಿಂದ ಒಂದನ್ನು ಆರಿಸಿಕೊಂಡರೆ ಸ್ಥಳೀಯ ಮಂಡಳಿ ತನ್ನ ಮಿತಿಯೊಳಗೆ ಫೀಸು ಕಟ್ಟುತ್ತದೆ. ನೆರೆಯವರಿಗೆ ಅಲ್ಲಿಯ ಸಲಹೆಗಾರ್ತಿ ಹೇಳಿದ್ದು ಟ್ರಕ್ ಓಡಿಸುವ ಲೈಸೆನ್ಸ್. ಪಾಪ, ಆಕೆಯ ತಪ್ಪೇನಿಲ್ಲ. ಆಕೆಯ ಪಟ್ಟಿಯಲ್ಲಿ ತಕ್ಷಣ ಕೆಲಸ ಸಿಗುವುದು ಅದೇ ಆಗಿತ್ತು.

ತೊಡಕು ಬೇರೆ ಕಡೆ ಇದೆ. ಪೈಲಟ್‌ನ ವಿದ್ಯೆ ಉಪ್ಪಿನಕಾಯಿಯಂತೆ ಜಾಡಿಯಲ್ಲಿಟ್ಟರೆ ಉಳಿಯುವುದಿಲ್ಲ. ಹಿಂದಿನ 90 ದಿನಗಳಲ್ಲಿ ಮೂರು ಸಲ ಏರಿಸಿ ಇಳಿಸಿರದಿದ್ದರೆ ಪ್ರಯಾಣಿಕರನ್ನು ಕೂರಿಸಿಕೊಂಡು ಹಾರಿಸುವಂತಿಲ್ಲ. ನಲವತ್ತು ದಾಟಿದ ಏರ್‌ಲೈನ್ ಕ್ಯಾಪ್ಟನ್‌ಗೆ ಆರು ತಿಂಗಳಿಗೊಮ್ಮೆ ವೈದ್ಯಕೀಯ ಪರೀಕ್ಷೆ. ಒಂದು ಜಾತಿಯ ದೊಡ್ಡ ವಿಮಾನ ಬಲ್ಲವನು ಇನ್ನೊಂದಕ್ಕೆ ಹೋಗಬೇಕಾದರೆ ಟೈಪ್ ರೇಟಿಂಗ್ ಎಂಬ ಬೇರೆ ಅರ್ಹತೆ ಬೇಕು. ಸೌತ್‌ವೆಸ್ಟ್ ಕಂಪನಿ ಬಹುಕಾಲ 737ರ ರೇಟಿಂಗ್ ಮೊದಲೇ ಮಾಡಿಸಿಕೊಂಡು ಬಂದವರನ್ನೇ ಸೇರಿಸಿಕೊಳ್ಳುತ್ತಿತ್ತು. ಕೆಲಸ ಹೋದ ಎಷ್ಟೋ ಜನ ಸಾವಿರಾರು ಡಾಲರ್ ಸ್ವಂತ ಕೈಯಿಂದ ಹಾಕಿ ಅದನ್ನು ಪಡೆದರು. ಹಾಗಾದರೆ ಸಾರ್ವಜನಿಕರ ಹಣ ಯಾವುದಕ್ಕೆ ಹೋಗಬೇಕು? ಇರುವ ವಿದ್ಯೆಯನ್ನು ಕೊಳೆಯದಂತೆ ಕಾಯುವುದಕ್ಕೋ, ಅದನ್ನು ಬಿಟ್ಟು ಹೊಸದು ಕಲಿಸುವುದಕ್ಕೋ? ಮೊದಲನೆಯದಾದರೆ ಕಂಪನಿ ತಾನೇ ಕೊಡಬೇಕಾದ ತರಬೇತಿಯ ಖರ್ಚು ನಮ್ಮ ತಲೆಗೆ ಬರುತ್ತದೆ. ಎರಡನೆಯದಾದರೆ, ಇಪ್ಪತ್ತು ವರ್ಷದ ವಿದ್ಯೆಯನ್ನು ಎಸೆಯಿರಿ ಎಂದು ನಾವೇ ದುಡ್ಡು ಕೊಟ್ಟು ಹೇಳಿದ ಹಾಗಾಗುತ್ತದೆ. 2022ರ ಬೇಸಿಗೆಯಲ್ಲಿ ಪೈಲಟ್‌ಗಳು ಸಾಲದೆ ವಿಮಾನಗಳು ರದ್ದಾಗಿ, ನಮ್ಮಲ್ಲೇ ಎಷ್ಟು ಜನ ಏರ್‌ಪೋರ್ಟಿನ ಕಾರ್ಪೆಟ್ ಮೇಲೆ ಮಲಗಿದ್ದರು ಎಂಬುದನ್ನು ನೆನಪಿಸಿಕೊಳ್ಳಿ. 2020ರಲ್ಲಿ ಹಣ ಕೊಟ್ಟು ಬೇಗ ನಿವೃತ್ತಿ ಕೊಡಿಸಿದವರನ್ನು ಆಮೇಲೆ ಕರೆದರೆ ಬರುವರೇ?

ನಮ್ಮಿಬ್ಬರಿಗೂ ಇದಕ್ಕೆ ಪೂರ್ತಿ ಸಮಾಧಾನದ ಉತ್ತರ ಸಿಕ್ಕಿಲ್ಲ. ಒಂದು ಮಾತ್ರ ಖಚಿತ: ಏನು ಕಲಿಯಬೇಕು ಎಂಬುದನ್ನು ಕಲಿಯುವವನೇ ನಿರ್ಧರಿಸಬೇಕು. ಹಣ ಕೊಡುವವರು "ಟ್ರಕ್ ಓಡಿಸು" ಎಂದೂ "ಹಾರುವುದನ್ನು ಬಿಡಬೇಡ" ಎಂದೂ ಹೇಳುವ ಅಧಿಕಾರ ಪಡೆಯುವುದಿಲ್ಲ.

ಇಷ್ಟು ಓದಿದ ಮೇಲೆ ಕೆಲವರ ಮನಸ್ಸಿನಲ್ಲಿ ಏಳುವ ಮಾತು ನಮಗೆ ಗೊತ್ತು, ಏಕೆಂದರೆ ನಮ್ಮ ಮನಸ್ಸಿನಲ್ಲೂ ಎದ್ದಿತ್ತು. ನಮಗೆ ಯಾರು ಕೊಟ್ಟರು? ಎಚ್-1ಬಿ ವೀಸಾದಲ್ಲಿದ್ದವರ ಹೆಸರಿನಲ್ಲೂ ಕಂಪನಿಗಳು ಈ ತೆರಿಗೆ ಕಟ್ಟುತ್ತವೆ. ಆದರೆ ಕೆಲಸ ಹೋದೊಡನೆ ಬೇರೆಡೆ ದುಡಿಯುವ ಅನುಮತಿಯ ಪ್ರಶ್ನೆ ಎದ್ದು, ಭತ್ಯೆ ಸಾಮಾನ್ಯವಾಗಿ ದಕ್ಕುವುದಿಲ್ಲ. 60 ದಿನಗಳ ಅವಕಾಶ ಎಂಬುದೂ ಬಂದದ್ದು 2017ರಲ್ಲಿ. ಅದಕ್ಕೆ ಮುಂಚೆ ಅದೂ ಇರಲಿಲ್ಲ. 2001ರಲ್ಲಿ ನಮ್ಮ ಕೂಟದವರೊಬ್ಬರು ಕೆಲಸ ಹೋದ ಮೇಲೂ ಆರು ವಾರ ದಿನಾ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಟು ಪಬ್ಲಿಕ್ ಲೈಬ್ರರಿಯಲ್ಲಿ ಕೂತು ಸಂಜೆ ಮನೆಗೆ ಬರುತ್ತಿದ್ದರು. ದಾವಣಗೆರೆಯಿಂದ ಅತ್ತೆ ಮಾವ ಬಂದಿದ್ದರು, ಅವರಿಗೆ ತಿಳಿಯಬಾರದಿತ್ತು. ಇದು ನಮಗೆ ಗೊತ್ತಾದದ್ದು ಹತ್ತು ವರ್ಷದ ನಂತರ.

ಇನ್ನೂ ಒಂದು ಸಂಗತಿ ಹೆಚ್ಚು ಜನರಿಗೆ ತಿಳಿದಿಲ್ಲ. 1998ರ ಒಂದು ಕಾನೂನಿನಂತೆ ಎಚ್-1ಬಿ ಅರ್ಜಿಯೊಡನೆ ಕಂಪನಿ ಒಂದು ವಿಶೇಷ ಫೀಸು ಕಟ್ಟಬೇಕು. ಮೊದಲು 500 ಡಾಲರ್ ಇತ್ತು, 2000ದಲ್ಲಿ 1,000 ಆಯಿತು, 2004ರಿಂದ ದೊಡ್ಡ ಕಂಪನಿಗಳಿಗೆ 1,500. ಆ ಹಣದ ಬಹುಪಾಲು ಹೋಗುವುದು ಈ ದೇಶದ ಕೆಲಸಗಾರರ ತರಬೇತಿಗೆ ಮತ್ತು ವಿದ್ಯಾರ್ಥಿವೇತನಕ್ಕೆ. ಲೈಬ್ರರಿಯಲ್ಲಿ ಡಬ್ಬಿ ಬಿಚ್ಚಿ ಉಂಡವರ ಹೆಸರಿನಲ್ಲೂ ಬೇರೊಬ್ಬರ ತರಬೇತಿಗೆ ಹಣ ಸಂದಿತ್ತು ಎಂದಾಯಿತು. ಇದರಲ್ಲಿ ಅನ್ಯಾಯವಿದೆ, ಇಲ್ಲ ಎನ್ನುವುದಿಲ್ಲ. ಆದರೆ ಆ ಅನ್ಯಾಯ ಮಾಡಿದವರು ಪಕ್ಕದ ಮನೆಯ ಪೈಲಟ್ ಅಲ್ಲ. ಅವರ ವಾರದ ಚೆಕ್ ನಿಂತರೆ ನಮ್ಮವರಿಗೆ ಕಳೆದ ಆ ಆರು ವಾರ ಮರಳಿ ಬರುವುದೂ ಇಲ್ಲ.

ಊರಿನ ಕಡೆ ನೋಡಿದರೆ ಅಲ್ಲೂ ಇದೇ ಪಾಡು, ಇನ್ನೂ ಬರಿಗೈಯಲ್ಲಿ. ಬೆಂಗಳೂರಿನ ಉದ್ಯಮಿಯ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನಿಂತಾಗ ಅದರ ಪೈಲಟ್‌ಗಳಿಗೆ, ಎಂಜಿನಿಯರುಗಳಿಗೆ ತಿಂಗಳುಗಟ್ಟಲೆ ಸಂಬಳವೇ ಬಂದಿರಲಿಲ್ಲ. ಭಾರತದಲ್ಲಿ ನಿರುದ್ಯೋಗ ಭತ್ಯೆ ಎಂದಿರುವ ಅಲ್ಪಸ್ವಲ್ಪ ಇಎಸ್‌ಐ ಮೂಲಕ ಬರುವಂಥದ್ದು. ಅದಕ್ಕೆ ಸಂಬಳದ ಮಿತಿಯಿದೆ, 2017ರಿಂದ ತಿಂಗಳಿಗೆ 21,000 ರೂಪಾಯಿ. ಪೈಲಟ್ ಆಗಲು ಅಪ್ಪ ಬ್ಯಾಂಕಿನಲ್ಲಿ ಮನೆ ಅಡವಿಟ್ಟಿದ್ದ ಹುಡುಗ ಆ ಮಿತಿಯ ಆಚೆಯವನು. ಅಲ್ಲಿಯೂ ಕೇಳಿದ್ದು "ಮುಂಚೆ ಎಷ್ಟು ಸಂಬಳವಿತ್ತು" ಎಂಬ ಪ್ರಶ್ನೆಯನ್ನೇ.

ಮತ್ತೆ ಲಕ್ಕಮ್ಮನ ಕಥೆಗೆ ಬರುತ್ತೇವೆ. ಬೇಕಾದದ್ದಕ್ಕಿಂತ ಹೆಚ್ಚು ತಂದದ್ದನ್ನು ಅವಳು ಒಪ್ಪಲಿಲ್ಲ, ನಿಜ. ಆದರೆ ಅಕ್ಕಿ ಆಯುವ ಅಂಗಳಕ್ಕೇ ಬೀಗ ಬಿದ್ದು ಮಾರಯ್ಯ ಬರಿಗೈಯಲ್ಲಿ ಮನೆಗೆ ಬಂದಿದ್ದರೆ ಏನು ಮಾಡಬೇಕಿತ್ತು ಎಂಬುದನ್ನು ಆ ಕಥೆ ಹೇಳುವುದಿಲ್ಲ. ಅದಕ್ಕೂ ಮಿಗಿಲಾಗಿ, ಅಂದು ಮೇಜು ಮಡಿಸುವ ಗಡಿಬಿಡಿಯಲ್ಲಿ ಮಿತ್ರರಿಗೆ ಹೇಳಲು ನಮಗೆ ನೆನಪಾಗದ ಒಂದು ವಿಷಯ ಉಂಟು. ನೆರೆಯವರು ಆ ಚಳಿಗಾಲದಲ್ಲಿ ಮನೆಮನೆಗೆ ಪಾರ್ಸೆಲ್ ಹಂಚುವ ಕೆಲಸ ಹಿಡಿದಿದ್ದರು, ಗಳಿಸಿದ್ದನ್ನು ವಾರವಾರವೂ ಭತ್ಯೆ ಕಚೇರಿಗೆ ತಿಳಿಸಿ ಅಷ್ಟನ್ನು ಕಡಿಸಿಕೊಳ್ಳುತ್ತಿದ್ದರು. ಡಿಸೆಂಬರ್ ಕೊನೆಯಲ್ಲಿ ಹೊಸ ಕಾನೂನು ಬಂದು, ಕಂಪನಿ ಅವರನ್ನು ಮರಳಿ ಕರೆದು, ಡಿಸೆಂಬರ್ 1ರಿಂದಲೇ ಲೆಕ್ಕ ಹಿಡಿದು ಸಂಬಳ ಕೊಟ್ಟಿತು. ಆಗ ಅವರು ಭತ್ಯೆ ಕಚೇರಿಗೆ ಫೋನ್ ಮಾಡಿ, ಆ ತಿಂಗಳ ಭತ್ಯೆಯನ್ನು ಹಿಂದಿರುಗಿಸಬೇಕು, ಹೇಗೆ ಎಂದು ಕೇಳಿದರಂತೆ. ಲೈನಿನಲ್ಲಿ ಕಾಯಿಸಿದ್ದು ಎರಡೂವರೆ ಗಂಟೆ.

ನಮ್ಮ ಕೂಟದ ನಿಧಿ ಸರ್ಕಾರದ ಖಜಾನೆಯಲ್ಲ. ದೀಪಾವಳಿ ಮೇಳದ ದೋಸೆ ಅಂಗಡಿಯಿಂದ, ನಿಮ್ಮೆಲ್ಲರ ದೇಣಿಗೆಯಿಂದ ಕೂಡಿದ್ದು. ಒಂದೇ ತಿಂಗಳಲ್ಲಿ ಮೂರು ಮನೆಯವರು ಕೇಳಿದರೆ ಸಾಲದು. ಆದ್ದರಿಂದ ಏನನ್ನೂ ಕೇಳದೆ ಕೊಡಿ ಎನ್ನಲು ಬರುವುದಿಲ್ಲ ಎಂದು ನಮ್ಮಲ್ಲಿ ಲೆಕ್ಕ ನೋಡುವವರು ಹಟ ಹಿಡಿದಿದ್ದಾರೆ. ಆದಾಯದ ಸಾಲು ಇದ್ದರೆ ನಿಜವಾಗಿ ಬೇಕಾದವರೇ ಅರ್ಜಿ ಹಾಕದೆ ಡಬ್ಬಿ ಹಿಡಿದು ಲೈಬ್ರರಿಗೆ ಹೋಗುತ್ತಾರೆ ಎಂದು ಇನ್ನೊಬ್ಬರ ವಾದ. ಎರಡು ಸಂಜೆ ಕಾಫಿ ಆರಿದ ಮೇಲೆ ನಾವಿಬ್ಬರೂ ಒಪ್ಪಿದ್ದು ಇಷ್ಟು: "ಕೆಲಸ ಹೋಗುವ ಮುನ್ನ ಇದ್ದ ವಾರ್ಷಿಕ ಆದಾಯ" ಎಂಬ ಸಾಲನ್ನು ತೆಗೆದು, ಆ ಜಾಗದಲ್ಲಿ "ಮುಂದಿನ ಎರಡು ತಿಂಗಳಲ್ಲಿ ಕಟ್ಟಬೇಕಾದದ್ದು ಏನೇನು, ಕೈಯಲ್ಲಿರುವುದು ಎಷ್ಟು" ಎಂದು ಬರೆಯುವುದು. ಈ ತಿದ್ದುಪಡಿಯನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಮಂಡಿಸುತ್ತೇವೆ. ಅನುಮೋದಿಸಲು ಒಬ್ಬರು ಬೇಕು. ಲಕ್ಕಮ್ಮನ ಕಥೆ ಹೇಳಿದ ಮಿತ್ರರನ್ನೇ ಕೇಳಬೇಕೆಂದಿದ್ದೇವೆ.